ಅಕ್ಕನ ಗಡ್ಡೆ, ಗುಬ್ಬಿಯ ಆಪರೇಷನ್

ಅಕ್ಕನ ಅಂಡಾಶಯದ ಗಡ್ಡೆಗೆ ಅವಳ ಅತ್ತೆ ಕಾರಣ ಹುಡುಕಿಬಿಟ್ಟಿದ್ದರು: ಎರಡನೇ ಮಗಳು ಹುಟ್ಟಿದ ಮೇಲೆ ಗುಬ್ಬಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡ, ಮಕ್ಕಳಾಗದಂತೆ ಮಾಡುವ ಆಪರೇಷನ್. "ಯಾರ್ ಹೇಳ್ಕೊಟ್ರೋ ಕಾಣೆ. ಅಲ್ಲಿ ಕತ್ರಿ ಆಡ್ಸುದ್ರೆ ಇನ್ನೇನಾಯ್ತದೆ" ಎಂದು ಚೇಳೂರಿನ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಕ್ಕ ತಲೆ ತಗ್ಗಿಸಿ ಕೂರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಯಾವ ಬಾಯಿಂದ ಎದುರಾಡಲಿ? ಬಾಣಂತನಕ್ಕೆ ತವರಿಗೆ ಬಂದಿದ್ದವಳನ್ನು ಆ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ.

ತುಮಕೂರಿನಲ್ಲಿ ಗಡ್ಡೆ ತೆಗೆದರು. ರಿಪೋರ್ಟ್ ಬಂದ ದಿನ ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ: "ಮಕ್ಳಾಗ್ದಂಗೆ ಮಾಡ್ಸಿದ್ವಲ್ಲ, ಅದ್ರಿಂದಾನಾ ಮೇಡಂ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಈ ಕೋಶಗಳು ಅಂಡಾಶಯದವೇ ಅಲ್ಲ. ಜಠರದಿಂದ ಬಂದಿರೋವು."

ಅಕ್ಕ ಎರಡು ವರ್ಷದಿಂದ ಗ್ಯಾಸ್ಟ್ರಿಕ್ ಎಂದು ಜೀರಿಗೆ ನೀರು ಕುಡಿದು ಸುಮ್ಮನಾಗುತ್ತಿದ್ದಳು. ಅದು ಗ್ಯಾಸ್ಟ್ರಿಕ್ ಆಗಿರಲಿಲ್ಲ, ಜಠರದ ಕ್ಯಾನ್ಸರ್ ಆಗಿತ್ತು. ಡಾಕ್ಟರಮ್ಮ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ಬಿಡಿಸಿ ಹೇಳಿದರು. ಜಠರದ ಕೋಶಗಳು ಒಂದರ ಕೈ ಒಂದು ಹಿಡಿದು ನಿಲ್ಲಲು ಒಂದು ಪ್ರೋಟೀನ್ ಬೇಕು. ಅದು ಕೆಟ್ಟರೆ ಹಿಡಿತ ಬಿಟ್ಟು ಒಂಟಿಯಾಗಿ ಹೊರಡುತ್ತವೆ. ಅಂಡಾಶಯದಿಂದ ಒಂದು ರಾಸಾಯನಿಕ ಹೊರಡುತ್ತದೆ. ಅದನ್ನು ಗುರುತಿಸುವ ಇನ್ನೊಂದು ಪ್ರೋಟೀನ್ ಕೆಲವು ಕೋಶಗಳ ಮೈಮೇಲಿದ್ದು, ಅವು ಅಲ್ಲಿಗೇ ಹೋಗಿ ನೆಲೆಸುತ್ತವೆ. ರಕ್ತದಲ್ಲಿ ಹೋಗುತ್ತವೋ, ದುಗ್ಧರಸ ಹರಿಯುವ ನಾಳದಲ್ಲೋ, ಪೂರ್ತಿ ದಾರಿ ದೊಡ್ಡ ದೊಡ್ಡ ಡಾಕ್ಟರುಗಳಿಗೂ ಇನ್ನೂ ಗೊತ್ತಿಲ್ಲವಂತೆ.

ನನಗೆ ಮೊದಲು ಆದದ್ದು ಸಮಾಧಾನ. ಥೂ, ನನ್ನ ಜನ್ಮಕ್ಕಿಷ್ಟು. ಕಾಯಿಲೆ ಇಷ್ಟು ದೂರ ಹಬ್ಬಿದೆ ಎಂದು ಅವರು ಹೇಳುತ್ತಿದ್ದರೆ, ನಾನು ತಪ್ಪಿಸಿಕೊಂಡೆ ಎಂದುಕೊಂಡೆನಲ್ಲ.

ಅಕ್ಕನಿಗೆ ಹೇಳುವುದೋ ಬೇಡವೋ ಎಂದು ವಾರ್ಡಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆ. ಆಪರೇಷನ್ ಕಾರಣವಲ್ಲ ಎನ್ನಬೇಕಾದರೆ ಜಠರದ ಸುದ್ದಿಯನ್ನೂ ಹೇಳಬೇಕು. ಕೊನೆಗೆ ಮೂಸಂಬಿ ಸುಲಿದುಕೊಡುತ್ತಾ ಎಲ್ಲವನ್ನೂ ಹೇಳಿದೆ. ಅವಳು ಒಂದು ತೊಳೆ ಕೈಯಲ್ಲೇ ಹಿಡಿದು ಕೇಳಿದಳು.

"ಆಪರೇಷನ್ನಿಂದ ಅಲ್ಲ ಅನ್ನೋದು ಗ್ಯಾರಂಟಿ ತಾನೇ?"

"ಅಲ್ವೇ ಅಲ್ಲ ಕಣಕ್ಕ."

"ಸದ್ಯ, ಬುಡು. ನೀನ್ ಕರ್ಕೊಂಡೋಗಿದ್ದು ಅಂತ ಅತ್ತೆಗೆ ಇವತ್ತಿಗೂ ಹೇಳಿಲ್ಲ ಕಣೇ. ನಾನ್ ಹೋದ್ಮೇಲೆ ಗೊತ್ತಾಗಿ ನಿನ್ನ ಏನಾದ್ರೂ ಅಂದ್ಬುಟ್ರೆ ಯಾರ್ ತಡೀತಾರೆ ಅಂತ, ನಂಗೆ ಅದೇ ಯೋಚ್ನೆ ಆಗಿತ್ತು."