ಏಳು ಪಾದದ ನೆರಳು

ನಮ್ಮೂರಿನ ನೀರುಗಂಟಿ ಇದ್ದರನ ಕಾಲ ಹೆಬ್ಬೆರಳಿನ ಮೇಲೆ ಒಮ್ಮೆ ಕಲ್ಲು ಬಿದ್ದು ಊದಿಕೊಂಡಾಗ ಊರಿನ ಗಂಡಸರೆಲ್ಲ ಮೂರು ದಿನ ಮಸೀದಿ ಕಟ್ಟೆಯ ಮೇಲೆ ಸಭೆ ಸೇರಿದ್ದರು. ಅವನಿಗೆ ನೋಯುತ್ತಿದೆಯೇ ಎಂದು ಒಬ್ಬನೂ ಕೇಳಲಿಲ್ಲ. ಬಟ್ಟೆ ಸುತ್ತಿದ ಮೇಲೆ ಆ ಪಾದ ಎಷ್ಟು ಉದ್ದವಾಯಿತು ಎನ್ನುವುದೇ ಜಗಳ. ಯಾಕೆಂದರೆ ನಮ್ಮ ಕಾಲುವೆಯ ನೀರು ಹಂಚಿಕೆಯಾಗುವುದು ಆ ಪಾದದ ಅಳತೆಯಲ್ಲಿ. ಇದ್ದರ್ ಸೂರ್ಯನಿಗೆ ಬೆನ್ನು ಕೊಟ್ಟು ನಿಂತು, ತನ್ನ ನೆರಳಿನ ತಲೆ ಎಲ್ಲಿ ಬಿತ್ತೆಂದು ನೋಡಿಕೊಂಡು, ಅಲ್ಲಿಯವರೆಗೆ ಬರಿಗಾಲಿನಲ್ಲಿ ಬೆರಳಿಗೆ ಹಿಮ್ಮಡಿ ತಾಗಿಸುತ್ತ ಎಣಿಸುತ್ತಾನೆ. ಅಳತೆ ತಪ್ಪಬಾರದೆಂದು ಮುಂಡಾಸನ್ನೂ ಬಿಚ್ಚಿಟ್ಟು ಬೋಳುತಲೆಯಲ್ಲೇ ಅಳೆಯುತ್ತಾನೆ. ಮುಂಡಾಸಿನ ಎತ್ತರ ನೆರಳಿಗೆ ಸೇರಿದರೆ ಯಾರದೋ ನೀರು ಕದ್ದ ಹಾಗಾಗುತ್ತದೆ ಎಂದು ಅವನ ಹೆದರಿಕೆ.

ಎಲ್ಲರ ಜೇಬಿನಲ್ಲೂ ಮೊಬೈಲು ಇದೆಯಲ್ಲ, ಅದರಲ್ಲೇ ಗಂಟೆ ನೋಡಬಾರದೇ ಎಂದು ನೀವು ಕೇಳಬಹುದು. ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸುತ್ತಾರೆ, ರಂಜಾನ್ ಬಂದರೆ ಸರ್ಕಾರವೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಇದ್ದರನ ಕಾಲನ್ನು ತಿರುಗಿಸಲು ಯಾರಿಂದ ಆದೀತು?

ನಾನು ಹಮ್ಮು. ಕೆಳಗೆ ಕಡಲ ದಂಡೆಯ ಅಗಾದಿರ್ ಪಟ್ಟಣದ ಹೋಟೆಲೊಂದರ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ಈರುಳ್ಳಿ ಹೆಚ್ಚಿ, ಫ್ರೆಂಚ್ ಕಲಿತು, ಈ ಬೆಟ್ಟಕ್ಕೆ ವಾಪಸು ಬಂದವನು. ಊರಿಗೆ ಯಾರಾದರೂ ಪರದೇಶದವರು ಬಂದರೆ ನಡುವೆ ನಿಂತು ಮಾತಾಡುವ ಗೌರವ ನನ್ನದು. ಆ ಗೌರವ ನನ್ನ ತಲೆಗೆ ಸ್ವಲ್ಪ ಹೆಚ್ಚಾಗಿಯೇ ಏರಿತ್ತು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬುಧವಾರದ ಲೆಕ್ಕವನ್ನೂ ಈಗಲೇ ಹೇಳಿಬಿಡಬೇಕು. ಆ ದಿನ ಬೆಳಿಗ್ಗೆ ನೀರಿನ ಸರದಿ ನನ್ನದು. ಹೊತ್ತು ಏರುತ್ತ ನೆರಳು ಕುಗ್ಗಿ ಏಳು ಪಾದಕ್ಕೆ ಬಂದರೆ ನನ್ನದು ಮುಗಿದು ಬಿಹಿಯದು ಶುರು. ಬಿಹಿ ನಮ್ಮೂರಲ್ಲಿ ಅತಿ ದೊಡ್ಡ ಬಾಯಿಯ ಮನುಷ್ಯ. ಮಧ್ಯಾಹ್ನ ದಾಟಿ ನೆರಳು ಬೆಳೆದು ಮತ್ತೆ ಏಳು ಪಾದವಾದರೆ ಬಿಹಿಯದು ಮುಗಿಯಿತು. ಅಲ್ಲಿಂದ ಸೂರ್ಯ ಮುಳುಗುವವರೆಗೆ ಇದ್ದರನ ಸ್ವಂತ ಕುದುರೆಮೆಂತ್ಯದ ಮೇವಿನ ತುಂಡು ಹೊಲಕ್ಕೆ ನೀರು. ಮೂವತ್ತೊಂದು ವರ್ಷದಿಂದ ಹೀಗೇ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಊರು ಸೇರಿ ನೀರುಗಂಟಿ ಯಾರಾಗಬೇಕೆಂದು ಕೇಳುತ್ತದೆ, ಪ್ರತಿ ವರ್ಷವೂ ಇದ್ದರನ ಹೆಸರೇ. ಅವನಿಗೆ ಇರುವ ಆಸ್ತಿಯೆಂದರೆ ಅದೊಂದೇ, ಅವನ ಮೇಲೆ ಒಂದು ದೂರೂ ನಿಂತಿಲ್ಲ ಎನ್ನುವುದು.

ವಸಂತದಲ್ಲಿ ಹಿಮ ಕರಗಿ ಗುಡ್ಡ ಜಾರಿ ಕಾಲುವೆಯ ತಲೆ ಒಡೆದುಹೋಗಿತ್ತು. ಹೇಗೋ ಕಲ್ಲು, ಕೊಂಬೆ ತುರುಕಿ ನೀರು ತಿರುಗಿಸಿಕೊಂಡಿದ್ದೆವು. ನಮ್ಮ ಸಂಘದವರು ಯಾರಿಗೋ ಬರೆದು, ಯಾರೋ ಯಾರಿಗೋ ಹೇಳಿ, ಬೇಸಿಗೆಗೆ ಬೆಲ್ಜಿಯಮ್ಮಿನಿಂದ ವೇರ್ಲೆ ಎಂಬ ಹುಡುಗಿ ಬಂದಳು. ಸಂಬಳವಿಲ್ಲದೆ ಎರಡು ತಿಂಗಳು ಊರಲ್ಲಿದ್ದು ಫೋಟೊ ತೆಗೆಯುವುದು, ಕಾಲುವೆಯ ಮೇಲೊಂದು ಸಿನಿಮಾ ಮಾಡುವುದು, ಅದನ್ನು ತೋರಿಸಿ ಪೈಪು ಸಿಮೆಂಟು ಕೊಡಿಸುವುದು ಅವಳ ಕೆಲಸ. ಇಳಿದುಕೊಂಡದ್ದು ಇದ್ದರನ ಮನೆಯಲ್ಲಿ. ಪಾಪ, ತಾಳೆಮರದಷ್ಟು ಎತ್ತರ. ಇದ್ದರನ ಮನೆಯ ಬಾಗಿಲೋ ತೀರಾ ಗಿಡ್ಡ. ಒಳಗೆ ಹೋಗುವಾಗೊಮ್ಮೆ ಹೊರಗೆ ಬರುವಾಗೊಮ್ಮೆ ಹಣೆ ಚಚ್ಚಿಕೊಂಡಳು.

ಇದ್ದರನ ಹೆಂಡತಿ ಇಜ್ಜ ಅವಳ ಹಣೆಗೆ ಬೆಣ್ಣೆ ಸವರುತ್ತ ಸಮಾಧಾನ ಹೇಳಿದಳು. "ಅಳಬೇಡ ಮಗಳೇ, ನನ್ನ ಗಂಡನೂ ಮದುವೆಯಾದಾಗಿಂದ ಇಪ್ಪತ್ತು ವರ್ಷ ಹಿಂಗೇ ಹೊಡಕೊಂಡ. ಠಪ್ಪಂತ ಸದ್ದು ಬಂತು ಅಂದ್ರೆ ಬಂದ ಅಂತ ತಿಳಕೊಂಡು ನಾನು ಚಹಾಕ್ಕೆ ನೀರಿಡ್ತಿದ್ದೆ. ಈಗ ಹತ್ತು ವರ್ಷದಿಂದ ಬುದ್ಧಿ ಕಲಿತಿದಾನೆ. ಸದ್ದಿಲ್ಲದೆ ಬಂದು ಹಿಂದೆ ನಿಂತು ನನ್ನ ಎದೆ ಒಡೆಯೋ ಹಂಗೆ ಮಾಡ್ತಾನೆ."

ವೇರ್ಲೆ ಹಗಲಿಡೀ ಇದ್ದರನ ಹಿಂದೆ ಸುತ್ತಿದಳು. ಅವನು ಸನಿಕೆ ಹೊತ್ತು ನಡೆದರೆ ಇವಳು ಕ್ಯಾಮೆರಾ ಹೊತ್ತು ನಡೆದಳು. ಒಂದು ದಿನ ನಡುಮಧ್ಯಾಹ್ನ ನೆರಳು ಅಳೆದು ತೋರಿಸು ಎಂದು ಕೇಳಿದಳು. ಯಾರ ಸರದಿಯೂ ಬದಲಾಗದ ಹೊತ್ತಿನಲ್ಲಿ ಸುಮ್ಮಸುಮ್ಮನೆ ಅಳೆಯುವುದು ಸುಳ್ಳು ಹೇಳಿದ ಹಾಗೆ ಎಂದು ಇದ್ದರ್ ಗೊಣಗಿದ. ಮನೆಗೆ ಬಂದ ಅತಿಥಿ, ಇಲ್ಲ ಎನ್ನಲಾಗದೆ ಅಳೆದ. ಎರಡು ಪಾದ ಬಂತು. ಇನ್ನೊಂದು ದಿನ ಸಂಜೆ, ಅವನ ಸ್ವಂತ ಸರದಿಯಲ್ಲಿ, ಅವನು ಮಡೆಯ ಮಣ್ಣುಕಟ್ಟು ಬಿಚ್ಚಿ ಕುದುರೆಮೆಂತ್ಯಕ್ಕೆ ನೀರು ಬಿಡುವುದನ್ನು ತೆಗೆದಳು. ಬಿಸಿಲು ಬೆಟ್ಟದ ಹಿಂದೆ ಸರಿದು ನೀರಿಗೆ ಬಂಗಾರದ ಬಣ್ಣ ಬಂದಿದೆ ಎಂದು ಕುಣಿದಾಡಿದಳು.

ಸಿನಿಮಾ ಮುಗಿಯಿತು. ಶುಕ್ರವಾರ ನಮಾಜಿನ ನಂತರ ಶಾಲೆಯ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಊರೆಲ್ಲ ಒಳಗೆ ತುಂಬಿಕೊಂಡೆವು. ವೇರ್ಲೆ ಎದ್ದು ನಿಂತು, ನಾನು ಇಲ್ಲಿ ಕಂಡದ್ದನ್ನೇ ತೋರಿಸುತ್ತೇನೆ ಎಂದಷ್ಟೇ ಅಂದಳು. ಅಷ್ಟು ಸಣ್ಣ ಮಾತನ್ನು ಅಷ್ಟೇ ಸಣ್ಣದಾಗಿ ಹೇಳಿದರೆ ನನ್ನ ಹನ್ನೆರಡು ವರ್ಷದ ಫ್ರೆಂಚಿಗೆ ಏನು ಬೆಲೆ? ನಾನು ಎದೆ ಉಬ್ಬಿಸಿ, ಇದರಲ್ಲಿ ಒಂದು ಕ್ಷಣವೂ ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ, ಅತ್ತಿತ್ತ ಸರಿಸಿದ್ದಿಲ್ಲ, ಸಾಕ್ಷಿ ನುಡಿದ ಹಾಗೆ ಇದೆ ಎಂದು ಘೋಷಿಸಿದೆ.

ಹನ್ನೊಂದು ನಿಮಿಷದ ಚಿತ್ರ. ಮೊದಲೆಲ್ಲ ಚೆನ್ನಾಗಿತ್ತು. ತಮ್ಮ ತಮ್ಮ ಹೇಸರಗತ್ತೆ ಕಂಡಾಗಲೆಲ್ಲ ಜನ ಹೆಸರು ಹಿಡಿದು ಕೂಗಿದರು. ಆಮೇಲೆ ಚಿತ್ರ ಬಿದ್ದ ಗೋಡೆಯ ಮೇಲೆ ಇದ್ದರ್ ಕಾಣಿಸಿಕೊಂಡು ನೆರಳು ಅಳೆದ. ಎರಡು ಪಾದ, ಎಲ್ಲರೂ ಬಾಯಲ್ಲೇ ಎಣಿಸಿದರು. ಮರುಕ್ಷಣ ಮಡೆ ಬಿಚ್ಚಿದ. ನೀರು ಬಂಗಾರದ ಹಾಗೆ ಹೊಳೆಯುತ್ತ ಹೋಗಿ ಅವನದೇ ಕುದುರೆಮೆಂತ್ಯಕ್ಕೆ ನುಗ್ಗಿತು. ಬೇರೆ ಊರಿನವರಾಗಿದ್ದರೆ ಎಷ್ಟು ಚೆಂದ ಎನ್ನುತ್ತಿದ್ದರು. ನಮ್ಮವರು ಹುಟ್ಟಿದಂದಿನಿಂದ ನೆರಳು ನೋಡಿ ಬೆಳೆದವರು. ಎರಡು ಪಾದವೆಂದರೆ ನಡುಮಧ್ಯಾಹ್ನ, ಇದ್ದರನ ತುಂಡಿಗೆ ನೀರಿರುವ ಬುಧವಾರ ನಡುಮಧ್ಯಾಹ್ನವೆಂದರೆ ಬಿಹಿಯ ಸರದಿ.

ಬಿಹಿ ಎದ್ದು ನಿಂತ. "ಅದು ನನ್ನ ನೀರು," ಎಂದ. ಎಲ್ಲರೂ ಅದನ್ನು ನಂಬಿದರು. ಟಿವಿ ಧಾರಾವಾಹಿಗಳು ಸುಳ್ಳೆಂದು ನಮಗೆಲ್ಲ ಗೊತ್ತು, ಅವು ಇಸ್ತಾಂಬುಲ್ಲಿನವರ ಸಂಸಾರ. ಇದು ನಮ್ಮ ಗೋಡೆ, ನಮ್ಮ ಕಾಲುವೆ, ಮೇಲೆ ನನ್ನ ಘೋಷಣೆ ಬೇರೆ.

ಇದ್ದರ್ ಅಲ್ಲವೆನ್ನುತ್ತಾನೆ ಎಂದು ಕಾದೆವು. ಅವನು ಗೋಡೆಯನ್ನೇ ನೋಡುತ್ತ ಕುಳಿತಿದ್ದ. ಕೊನೆಗೆ ತಗ್ಗಿದ ದನಿಯಲ್ಲಿ, "ನೆನಪಿಲ್ಲ ಕಣಪ್ಪ. ಆದ್ರೆ ಕಣ್ಣಾರೆ ಕಂಡೆನಲ್ಲ. ನಾನೇ ಬಿಟ್ಟಿದೀನಿ," ಎಂದ. ಎದ್ದು ಹೋಗಿ, ಬಾಗಿಲ ಬಳಿ ಒರಗಿಸಿದ್ದ ಸನಿಕೆಯನ್ನು ತಂದು ಊರಿನ ಹಿರಿಯರ ಮುಂದೆ ಇಟ್ಟು ಹೊರಟುಹೋದ. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಏನಾಯಿತೆಂದು ತಿಳಿದಾಗ ವೇರ್ಲೆ ಅತ್ತೇಬಿಟ್ಟಳು. ಬೇರೆ ಬೇರೆ ದಿನದ ತುಣುಕುಗಳನ್ನು ಚೆಂದಕ್ಕೆಂದು ಕತ್ತರಿಸಿ ಜೋಡಿಸಿದ್ದೇನೆ, ಎಲ್ಲರೂ ಹಾಗೇ ಮಾಡುವುದು ಎಂದಳು. ನಾನು ನನ್ನ ಘೋಷಣೆಯನ್ನು ನುಂಗಿಕೊಂಡು ಊರಿನ ಮುಂದೆ ಹಾಗೆಂದು ಹೇಳಿದೆ. ಜೋಡಿಸಲು ಬರುವವಳಿಗೆ ಅಡಗಿಸಲೂ ಬರುತ್ತದೆ ಎಂದು ಬಿಹಿ ಒಪ್ಪಲಿಲ್ಲ. ತೆಗೆದದ್ದನ್ನೆಲ್ಲ ಸೂರ್ಯ ನಡೆದ ಕ್ರಮದಲ್ಲಿ ತೋರಿಸಲಿ, ಅಲ್ಲಿಯವರೆಗೆ ಇದ್ದರ್ ನೀರುಗಂಟಿಯಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಅದಕ್ಕೆ ಹಿಡಿದ ಐದು ದಿನ ಕಾಲುವೆಯ ಮೇಲೆ ಒಬ್ಬನ ಬದಲು ಐದಾರು ಜನ ತಮ್ಮ ತಮ್ಮ ಪಾದದಲ್ಲಿ ತಮ್ಮ ತಮ್ಮ ನೆರಳು ಅಳೆಯುತ್ತ ಒಬ್ಬರನ್ನೊಬ್ಬರು ನೂಕಾಡಿದರು.

ಇತ್ತ ವೇರ್ಲೆ ಕಂಪ್ಯೂಟರ್ ಹಿಡಿದು ಇದ್ದರನ ಮುಂದೆ ಕುಳಿತಳು. ಯಾವ ತುಣುಕು ಯಾವಾಗಿನದು ಎಂದು ಅವಳ ಕ್ಯಾಮೆರಾದಲ್ಲೇ ಗಂಟೆ ನಮೂದಾಗಿತ್ತು. ನಮ್ಮವರು ಗಂಟೆಯನ್ನು ನಂಬುವವರಲ್ಲ, ಹಾಗಾಗಿ ಇದ್ದರ್ ನೆರಳು ನೋಡಿ ಹೇಳಬೇಕಿತ್ತು. ಅಕ್ಷರ ಬಾರದ ಮನುಷ್ಯ, ಇದು ಅದಕ್ಕಿಂತ ಮುಂಚೆ, ಇದು ಇದರ ಮಾರನೇ ದಿನ ಎಂದು ಬೆರಳು ತೋರಿಸುತ್ತ ಹೋದ. ನಾನು ನಡುವೆ ಕುಳಿತು, ಈ ಸಲ ಇದ್ದದ್ದು ಇದ್ದ ಹಾಗೆ, ಒಂದು ಪದವನ್ನೂ ಬೆಳೆಸದೆ ಹೇಳಿದೆ. ಇಜ್ಜ ಬಾರ್ಲಿ ರೊಟ್ಟಿ, ಪುದೀನ ಚಹಾ ತಂದಿಡುತ್ತ, ಗಂಡನಿಗೆ ಈ ವಯಸ್ಸಿನಲ್ಲಿ ಸಿನಿಮಾ ಹುಚ್ಚು ಹತ್ತಿತು ಎಂದು ಚುಡಾಯಿಸಿದಳು.

ಮೂರನೇ ದಿನ ಅವನು ಒಂದು ತುಣುಕಿನ ಮುಂದೆ ನಿಂತುಬಿಟ್ಟ. ಬುಧವಾರ ಮಧ್ಯಾಹ್ನದ ಮೇಲೆ, ಬಿಹಿಯ ಸರದಿ ಮುಗಿಸುವ ಹೊತ್ತಿನದು, ಪಕ್ಕದಿಂದ ತೆಗೆದದ್ದು.

"ನನ್ನ ಸನಿಕೆ ಹಿಡಕೊಂಡಿರೋ ಈ ಮುದುಕ ಯಾರು?" ಎಂದು ಕೇಳಿದ.

ತಮಾಷೆ ಮಾಡುತ್ತಿದ್ದಾನೆಂದು ನಾನು ನಕ್ಕೆ. ಅವನು ನಗಲಿಲ್ಲ. ಅವನ ಮನೆಯಲ್ಲಿರುವುದು ಗಡ್ಡ ನೋಡಿಕೊಳ್ಳುವ ಅಂಗೈಯಗಲದ ಕನ್ನಡಿ. ತನ್ನನ್ನು ತಾನು ಪಕ್ಕದಿಂದ ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬೆನ್ನು ಬಾಗಿ, ತಲೆ ಭುಜಕ್ಕಿಂತ ಮುಂದೆ ಚಾಚಿಕೊಂಡಿತ್ತು. ನಾನೂ ದಿನಾ ನೋಡುವವನೇ, ದಿನಾ ನೋಡಿದ್ದಕ್ಕೇ ಕಂಡಿರಲಿಲ್ಲ. ಆಮೇಲೆ ಅವನು ಪರದೆಯ ಮೂಲೆಗೆ ಬೆರಳಿಟ್ಟ. ಅಲ್ಲಿ ನಮ್ಮೂರ ಹಿಟ್ಟಿನ ಗಿರಣಿಯ ಹೊಸ್ತಿಲು, ಅದರ ಮೇಲೆ ಮಸೀದಿ ಗೋಪುರದ ನೆರಳು.

"ಹಮ್ಮು, ನಾನು ಈ ಕೆಲಸ ಹಿಡಿದಾಗ, ಈ ತಿಂಗಳಲ್ಲಿ ನಂಗೆ ಏಳು ಪಾದ ಆದಾಗ ಗೋಪುರದ ನೆರಳು ಹೊಸ್ತಿಲು ಮುಟ್ಟೋದು. ಈಗ ನೋಡು, ಹೊಸ್ತಿಲು ದಾಟಿ ಒಳಗೆ ಹೋಗಿದೆ. ಗೋಪುರ ಅಂತೂ ಬಾಗಿಲ್ಲ."

ಅಳೆಯುವಾಗ ಗಿರಣಿ ಅವನ ಬೆನ್ನ ಹಿಂದಿರುತ್ತದೆ, ಕಣ್ಣು ಪಾದದ ಮೇಲಿರುತ್ತದೆ. ಕೆಲಸಕ್ಕೆ ಹೊಸಬನಾಗಿದ್ದಾಗ ತಿರುಗಿ ನೋಡಿದ್ದು ಬಿಟ್ಟರೆ ಎರಡನ್ನೂ ಒಟ್ಟಿಗೆ ಕಂಡದ್ದು ಇದೇ ಮೊದಲು. ಬಾಗಿದವನ ನೆರಳು ಮೋಟು. ಬೆಳಿಗ್ಗೆ ಅದು ಬೇಗ ಏಳಕ್ಕೆ ಇಳಿಯುತ್ತದೆ, ಮಧ್ಯಾಹ್ನದ ಮೇಲೆ ತಡವಾಗಿ ಏಳಕ್ಕೆ ಬೆಳೆಯುತ್ತದೆ. ಅಂದರೆ ಬಿಹಿಯ ಸರದಿ ಎರಡೂ ತುದಿಗೆ ಹಿಗ್ಗಿತ್ತು. ಬೆಳಗಿನ ತುದಿಯಲ್ಲಿ ಹೋದದ್ದು ನನ್ನ ನೀರು, ಸಂಜೆಯ ತುದಿಯಲ್ಲಿ ಹೋದದ್ದು ಇದ್ದರನದು. ನನ್ನ ಬಾರ್ಲಿ ಯಾಕೆ ಬಡವಾಯಿತೆಂದು ನಾನು ಗೊಬ್ಬರವನ್ನು ಬೈದುಕೊಂಡು ತಿರುಗಿದ ವರ್ಷಗಳೆಲ್ಲ ನೆನಪಾಗಿ ಮೈ ಉರಿಯಿತು. ಆದರೂ ಯಾರಿಗೂ ಹೇಳಬೇಡ, ಮೊದಲು ನಿನ್ನ ಹೆಸರು ಉಳಿಯಲಿ ಎಂದು ನಾನೇ ಬುದ್ಧಿ ಹೇಳಿದೆ. ಅವನು ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ.

ಮತ್ತೆ ಕಂಬಳಿ ಕಟ್ಟಿದೆವು. ಸೂರ್ಯನ ಕ್ರಮದಲ್ಲಿ ಮೂರು ಗಂಟೆಯ ಚಿತ್ರ, ಬಹುಪಾಲು ಬರೀ ನೀರು. ಒಬ್ಬನೂ ಏಳಲಿಲ್ಲ. ಇದ್ದರ್ ಬಿಹಿಯ ಹೊತ್ತಿನಲ್ಲಿ ಕದ್ದಿಲ್ಲವೆಂದು ಎಲ್ಲರಿಗೂ ಖಾತ್ರಿಯಾಯಿತು. ಹಿರಿಯರು ಸನಿಕೆಯನ್ನು ಅವನ ಕೈಗೆ ಕೊಡಲು ಎತ್ತಿದರು. ಆಗ ಅವನು ತಡೆದು, ಗಿರಣಿಯ ಹೊಸ್ತಿಲನ್ನು ತೋರಿಸಿ, ತನ್ನ ಬೆನ್ನನ್ನು ತೋರಿಸಿ, ಎಲ್ಲವನ್ನೂ ತಾನೇ ಹೇಳಿದ. ಬೇರೆ ದಿನದವರ ಸರದಿಗಳೂ ಹೀಗೇ ಹಿಗ್ಗಿ ಕುಗ್ಗಿರಬೇಕು, ಬೇರೆಯವನನ್ನು ನೋಡಿಕೊಳ್ಳಿ ಎಂದ.

ಬಿಹಿ ಎದ್ದು ನಿಂತು ಕೇಳಿದ. "ಹಂಗಾದ್ರೆ ಇಷ್ಟು ವರ್ಷ ಕದ್ದವನು ನಾನಾ?"

"ನೀನಲ್ಲಪ್ಪ. ಕದ್ದವನು ನಾನು. ನಿಂಗೆ ತಂದು ಕೊಟ್ಟೆ ಅಷ್ಟೇ."

ಬಿಹಿ ತಲೆ ತಗ್ಗಿಸಿದ. ಅವನ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಅವನೇ, ಕಾಲು ಇದ್ದರನದೇ ಇರಲಿ, ನೆರಳಿಗೆ ಮಾತ್ರ ಬಾಗದ ಒಂದು ಕೋಲು ನೆಡೋಣ ಎಂದ. ಎಲ್ಲರೂ ಒಪ್ಪಿದರು. ಆದರೆ ಎಷ್ಟು ಎತ್ತರದ ಕೋಲು? ಮೂವತ್ತೊಂದು ವರ್ಷದ ಹಿಂದೆ ಇದ್ದರ್ ಎಷ್ಟು ಎತ್ತರವಿದ್ದನೆಂದು ಯಾರಿಗೆ ಗೊತ್ತು? ಒಬ್ಬೊಬ್ಬರು ಒಂದೊಂದು ಹೇಳಿ ಮತ್ತೆ ಗದ್ದಲವೆದ್ದಿತು.

ಹೆಂಗಸರ ಸಾಲಿನಿಂದ ಇಜ್ಜ ಮಾತಾಡಿದಳು. "ನಮ್ಮ ಬಾಗಿಲು ಅಳೆದು ನೋಡ್ರಿ. ಅದಕ್ಕೆ ಎರಡು ಬೆರಳು ಸೇರಿಸ್ರಿ. ಇಪ್ಪತ್ತು ವರ್ಷ ಅವನ ನೆತ್ತಿಗೆ ಎಣ್ಣೆ ಹಚ್ಚಿದವಳು ನಾನು, ಎಲ್ಲಿ ಬಡೀತಿತ್ತು ಅಂತ ನಂಗೆ ಗೊತ್ತು." ಆಮೇಲೆ ಇದ್ದರನ ಕಡೆ ನೋಡದೆ, "ಬಡಿಯೋದು ನಿಂತಾಗ ನಾನು ಬುದ್ಧಿ ಬಂತು ಅಂದ್ಕೊಂಡಿದ್ದೆ," ಎಂದಳು. ಮೊದಲರ್ಧಕ್ಕೆ ನಕ್ಕವರು ಇದಕ್ಕೆ ನಗಲಿಲ್ಲ.

ಬಾಗಿಲಿಗೆ ಎರಡು ಬೆರಳು ಸೇರಿಸಿ ಅಕ್ರೋಟು ಮರದ ನೆಟ್ಟನೆಯ ಕೋಲು ಕಡಿದೆವು. ವೇರ್ಲೆ ತನ್ನ ಚೆಂದದ ಹನ್ನೊಂದು ನಿಮಿಷವನ್ನು ಊರಿನ ಒಪ್ಪಿಗೆ ಪಡೆದು ತನ್ನ ದೇಶಕ್ಕೆ ಒಯ್ದಳು, ಮರುವರ್ಷ ಪೈಪು ಬಂತು. ನನ್ನ ಬಾರ್ಲಿಯೂ ಚೇತರಿಸಿಕೊಂಡಿತು. ಇದ್ದರ್ ಈಗಲೂ ನೀರುಗಂಟಿ. ಕೋಲು ನೆಟ್ಟು, ಅದರ ನೆರಳನ್ನು ತನ್ನ ಪಾದದಲ್ಲಿ ಎಣಿಸುತ್ತಾನೆ. ಯಾರಾದರೂ ತುದಿ ಕೊಯ್ದಾರು ಎಂಬ ಅನುಮಾನಕ್ಕೆ ಸಂಜೆ ಅದನ್ನು ಕಿತ್ತು ಮನೆಗೆ ಒಯ್ಯುತ್ತಾನೆ, ನೆಟ್ಟಗೆ ಹಿಡಿದುಕೊಂಡು.

ಮೊನ್ನೆ ಬುಧವಾರ ಸಂಜೆ ನಾನು ಅವನ ಮನೆಯೊಳಗೆ ಕುಳಿತಿದ್ದೆ. ಇಜ್ಜ ಬೆನ್ನು ತಿರುಗಿಸಿ ಅವರೆ ಸುಲಿಯುತ್ತಿದ್ದಳು. ಬಾಗಿಲಲ್ಲಿ ಕೋಲಿನ ತುದಿ ಠಪ್ಪೆಂದು ಬಡಿಯಿತು. ಅವಳು ತಿರುಗಿ ನೋಡಲಿಲ್ಲ. "ಬಂದ್ಯಾ?" ಎಂದು ಕೇಳಿ, ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು.