ಡಾಕ್ಟರು ಬಲೆ ಎಳೆದ ದಿನ

ಇದನ್ನು ಪೂರ್ತಿ ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಅರ್ಧ ಕತೆಯನ್ನು ಎಲ್ಲರಿಗೂ ಹೇಳಿದ್ದೇನೆ. ಮದುವೆ ಪಂಕ್ತಿಯಲ್ಲಿ ಕೂತು ಹೇಳಿ, ಪಕ್ಕದವರ ಮೂಗಿಗೆ ಮಜ್ಜಿಗೆ ಏರುವಷ್ಟು ನಗಿಸಿದ್ದೇನೆ. ಉಳಿದರ್ಧ ಯಾರಿಗೂ ಹೇಳಿಲ್ಲ.

ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕಿದ್ದ ಕಾಲ. ಹೊರದೇಶದ ತಂಡವೊಂದು ತಮ್ಮದೇ ಖರ್ಚಿನಲ್ಲಿ ನಮ್ಮ ಬೆಳಂಬಾರಕ್ಕೆ ಸೇವೆಗೆಂದು ಬಂದಿತ್ತು. ಅರ್ಧ ಜನ ದವಾಖಾನೆಗೆ ಎರಡು ಕೋಣೆ ಕಟ್ಟುತ್ತಿದ್ದರು. ಚೀರೆಕಲ್ಲು ಹೊತ್ತು, ಆ ಕಲ್ಲಿನ ಕೆಂಪು ಧೂಳಿಗೆ ಅವರ ಮೂಗು, ಹುಬ್ಬು ಎಲ್ಲ ಕೆಂಪು. ಉಳಿದವರು ಶಾಲೆಯೊಳಗೆ ರೋಗಿಗಳನ್ನು ನೋಡುತ್ತಿದ್ದರು. ನಾನು ಹತ್ತನೇ ತರಗತಿ ಓದಿದವನು. ಕಾರವಾರ ಬಂದರಿನಲ್ಲಿ ದುಡಿಯುವಾಗ ಹಡಗಿನವರಿಂದ ಕಲಿತ ಮುರುಕು ಇಂಗ್ಲಿಷ್ ಇತ್ತು. ಅಷ್ಟಕ್ಕೇ ಕಣ್ಣಿನ ಡಾಕ್ಟರ ದುಭಾಷಿಯಾಗಿ, ಎದೆ ಉಬ್ಬಿಸಿಕೊಂಡು ಓಡಾಡಿದೆ.

ಆ ತಂಡ ನಮ್ಮೂರಲ್ಲಿದ್ದ ಕೊನೆಯ ದಿನ. ಅಂಗಳದಲ್ಲಿ ಚಪ್ಪಲಿಗಳ ಸಾಲು. ನಮ್ಮಲ್ಲಿ ಜನ ನೆರಳಲ್ಲಿ ಹರಟುತ್ತಾರೆ, ಪಾಳಿ ಕಾಯುವುದು ಚಪ್ಪಲಿ. ಸಾಲಿನ ಮುಂದೆ ಇದ್ದದ್ದು ನನ್ನ ಅತ್ತಿಗೆಯ ಚಪ್ಪಲಿ. ಅಣ್ಣ ತೀರಿಕೊಂಡ ಮೇಲೆ ಅವಳು ರವಿಕೆ ಹೊಲಿದೇ ಬದುಕಿದವಳು. ಈಗ ಹತ್ತಿರದ್ದು ಕಾಣುತ್ತಿರಲಿಲ್ಲ. ದಿನಾ ಸೂಜಿಗೆ ನೂಲು ಪೋಣಿಸಿ ಕೊಡುವವನು ನಾನು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಹೊತ್ತು, ಬಟ್ಟೆ ರಾಶಿ ಬಿದ್ದಿತ್ತು. ಡಾಕ್ಟರು ಕಣ್ಣು ನೋಡಿ ಕನ್ನಡಕವನ್ನು ಅಲ್ಲೇ ಪುಕ್ಕಟೆ ಕೊಡುತ್ತಿದ್ದರು.

"ತಮ್ಮಾ, ನನ್ ಪಾಳಿ ಬಂತನಾ?"

"ಈ ಅಜ್ಜಂದು ಆದ್ಕೂಡ್ಲೆ ನಿಂದೇಯಾ, ಅತ್ಗೇ. ಕನ್ನಡ್ಕ ಹಾಕ್ದ ಮೇಲೆ ನನ್ ಮುಖ ನೋಡಿ ಹೆದ್ರೂಕಾಗ, ಹಾಂ!"

"ಅದ್ಕೆ ಕನ್ನಡ್ಕ ಎಂತಕ್ಕೆ? ದೂರದಿಂದ್ಲೇ ಹೆದ್ರ್ಕೆ ಆತದೆ."

ಅಜ್ಜ ಎದ್ದು ಹೊರಬರುವುದಕ್ಕೂ ದಂಡೆಯಿಂದ ಕೂಗು ಬರುವುದಕ್ಕೂ ಸರಿಹೋಯಿತು. "ಬಂಗ್ಡೆ ಬಿದ್ದದ್ಯೋ! ಬನ್ರೋ!"

ರಂಪಣಿ ಎಂದರೆ ಊರೆಲ್ಲ ಸೇರಿ ದಂಡೆಯಿಂದಲೇ ಎಳೆಯುವ ಬಲೆ, ಅದರ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲುಂಟು. ಅಂಗಳ ಒಂದೇ ಉಸಿರಿಗೆ ಖಾಲಿಯಾಯಿತು. ಚಪ್ಪಲಿಗಳು ಉಳಿದವು, ಜಗಲಿಯ ಮೇಲೆ ಅತ್ತಿಗೆ ಉಳಿದಳು. ನನ್ನ ಕಾಲು ಕುಣಿಯುತ್ತಿತ್ತು. ಒಳಗೆ ಡಾಕ್ಟರು ಕೈ ಒರೆಸಿಕೊಳ್ಳುತ್ತ, ಇನ್ನು ಯಾರಿದ್ದಾರೆ ಎಂದು ಕೇಳಿದರು.

"ಯಾರೂ ಇಲ್ಲ, ಮುಗೀತು" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಕೈ ಹಿಡಿದು ಹಿಂಬಾಗಿಲಿನಿಂದ ಓಡಿದೆ.

ಆಹಾ, ಆ ಓಟ! ಗೋಡೆ ಕಟ್ಟುತ್ತಿದ್ದವರೂ ಕರಣಿ ಬಿಸಾಡಿ ಬಂದರು. ಕೆಂಪು ಹುಬ್ಬಿನವರೆಲ್ಲ ಹಗ್ಗಕ್ಕೆ ಜೋತುಬಿದ್ದರು.

"ಎಳೀರಿ ಡಾಕ್ಟ್ರೇ, ಹಲ್ಲು ಕಿತ್ತಂಗೆ ಎಳೀರಿ!" ಎಂದು ಒಬ್ಬಳು ಮುದುಕಿ ಕೂಗಿದಳು.

"ಅವ್ರು ಕಣ್ಣಿನ ಡಾಕ್ಟ್ರು ಮಾರಾಯ್ತಿ!"

"ಹಂಗಾರೆ ಕಣ್ಮುಚ್ಚಿ ಎಳೀಲಿ!"

ಬಲೆ ದಂಡೆಗೆ ಬಂದಾಗ ಡಾಕ್ಟರು ಜಾರಿ ಒದ್ದಾಡುವ ಬಂಗಡೆಗಳ ಮೇಲೆ ಅಂಗಾತ ಬಿದ್ದರು. ಒಂದು ಮೀನು ಅವರ ಅಂಗಿಯೊಳಗೆ ಹೊಕ್ಕಿತು. ಅವರು ಕುಣಿದ ಕುಣಿತಕ್ಕೆ ಅವರದೇ ಕನ್ನಡಕ ಹಾರಿ ರಾಶಿಯಲ್ಲಿ ಮಾಯವಾಯಿತು. ಊರಿಗೆ ಊರೇ ಬಗ್ಗಿ ಮೀನು ಕೆದಕಿ ಹುಡುಕಿ ಕೊಟ್ಟಿತು.

ಮದುವೆಮನೆಯಲ್ಲಿ ಕತೆ ಇಲ್ಲಿಗೆ ನಿಲ್ಲುತ್ತಿತ್ತು.

ಡಾಕ್ಟರು ತಮ್ಮ ಪಾಲನ್ನೂ ನನಗೇ ಕೊಟ್ಟರು. ಎರಡು ಪಾಲು ಹೊತ್ತು ಮನೆಗೆ ಬಂದಾಗ ಅತ್ತಿಗೆ ಆಗಷ್ಟೇ ಶಾಲೆಯಿಂದ ಬಂದಿದ್ದಳು.

"ಡಾಕ್ಟ್ರು ತಿರ್ಗಿ ಬರ್ಲೇ ಇಲ್ವಲಾ ತಮ್ಮಾ."

"ನಾಳೆ ಬೆಳಗ್ಗೆ ಕರ್ಕಂಡ್ ಹೋಗ್ತೆ" ಎಂದೆ. ಬೆಳಗಾಗುವ ಮೊದಲೇ ಅವರ ಬಸ್ಸು ಹೊರಡುವುದು ನನಗೆ ಗೊತ್ತಿತ್ತು. ಅವಳು ಕೈಯಲ್ಲಿ ತಡವಿ ತಡವಿ ಮೀನು ಕೊಯ್ಯುತ್ತ, ಡಾಕ್ಟರು ಬಿದ್ದ ಕತೆಗೆ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆ ವರ್ಷದ ರವಿಕೆಗಳು ಅಂಕೋಲೆಯ ದರ್ಜಿಯ ಪಾಲಾದವು. ದುಡ್ಡು ಕೂಡಿಸಿ, ಮುಂದಿನ ಮಳೆಗಾಲ ಕಳೆದ ಮೇಲೆ ಅಂಕೋಲೆಯಲ್ಲೇ ಅವಳಿಗೆ ಕನ್ನಡಕ ಮಾಡಿಸಿದೆ. ಗಿರಾಕಿಗಳು ತಿರುಗಿ ಬರಲಿಲ್ಲ. ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿಟ್ಟಳು.

ಬಂಗಡೆ ತಂದಾಗಲೆಲ್ಲ, "ಆ ಡಾಕ್ಟ್ರ ಕತೆ ಹೇಳಾ ತಮ್ಮಾ" ಎನ್ನುತ್ತಿದ್ದಳು. ನಾನು ಅದೇ ಜಾಗದವರೆಗೆ ಹೇಳುತ್ತಿದ್ದೆ, ಅವಳು ಅದೇ ಜಾಗದಲ್ಲಿ ನಗುತ್ತಿದ್ದಳು. ಈಗ ಅವಳಿಲ್ಲ. ತಪ್ಪಾಯಿತು ಎಂದು ನಾನು ಹೇಳಬೇಕಿದ್ದದ್ದು ಅವಳಿಗೆ, ನನ್ನ ಅಣ್ಣನ ಹೆಂಡತಿಗೆ.