ಮೋಹನದಾಸನ ಹಗುರ ಚಕ್ರ

ದುಬೈ ಸಿಲಿಕಾನ್ ಓಯಸಿಸ್‌ನ ಕಚೇರಿಯೊಂದರಲ್ಲಿ ಕೆಲಸ ಮಾಡುವ ಪುತ್ತೂರಿನ ಮೋಹನದಾಸನಿಗೆ ಎಲ್ಲವೂ ಇತ್ತು, ಒಂದು ಫೋಟೋ ಬಿಟ್ಟು. ಶನಿವಾರ ಬೆಳಗಾದರೆ ಊರವರ ಸೈಕಲ್ ಬಳಗ ಅಲ್ ಕುದ್ರಾದ ಮರುಭೂಮಿ ಟ್ರ್ಯಾಕಿಗೆ ಹೊರಡುತ್ತಿತ್ತು. ಚಹಾದಂಗಡಿಗೆ ಕೊನೆಯಲ್ಲಿ ಮುಟ್ಟಿದವನು ಉಳಿದವರ ಫೋಟೋ ತೆಗೆಯಬೇಕು ಎಂಬುದು ಬಳಗದ ಕಟ್ಟಳೆ. ಯಾವ ಪುಣ್ಯಾತ್ಮ ಮಾಡಿದನೋ, ಅಂದಿನಿಂದ ಮೋಹನದಾಸನೇ ಕಾಯಂ ಫೋಟೋಗ್ರಾಫರ್.

“ನೀವು ಹೋಗುದು ಸೈಕಲಿಗೇ ಹೌದಾ? ಒಂದು ಫೋಟೋದಲ್ಲೂ ಇಲ್ವಲ್ಲ ಮಾರಾಯ್ರೆ!” ಎಂದು ಹೆಂಡತಿ ಸುಹಾಸಿನಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಆದರೆ ಒಳಗೆ ಚುಚ್ಚುತ್ತಿತ್ತು.

ಹುಡುಕಿ ಓದಿದಾಗ ಗೊತ್ತಾಯಿತು, ತಪ್ಪು ತನ್ನದಲ್ಲ, ಚಕ್ರದ್ದು! ರಿಮ್ಮಿನ ಭಾರವನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು. ಹಾಗಾಗಿ ವೇಗ ಹಿಡಿಯುವಾಗ ಅದರ ಕಾಟ ದುಪ್ಪಟ್ಟು. ಹಗುರವಾದ ಕಾರ್ಬನ್ ಚಕ್ರಗಳು ಮನೆಗೆ ಬಂದವು.

“ಹೊಟ್ಟೆ ಇಳಿಸಿದ್ರೆ ಪುಕ್ಕಟೆ ಆಗ್ತಿತ್ತು,” ಎಂದಳು ಸುಹಾಸಿನಿ.

“ಹೊಟ್ಟೆ ತಿರುಗುದಿಲ್ಲ ಮಾರಾಯ್ತಿ, ಚಕ್ರ ತಿರುಗುದು,” ಎಂದ ಮೋಹನದಾಸ, ಭಾರೀ ಪಂಡಿತನಂತೆ.

ಶನಿವಾರ ಹೊರಟದ್ದೇ ತಡ, ಎಲ್ಲರಿಗಿಂತ ಮುಂದೆ ಚಿಮ್ಮಿದ. ಅಬ್ಬಬ್ಬಾ, ಏನು ಗತ್ತು! ಆದರೆ ಅದು ಏರಿಲ್ಲದ, ಇಳಿತವಿಲ್ಲದ ದಾರಿ. ಒಮ್ಮೆ ವೇಗ ಹಿಡಿದ ಮೇಲೆ ಹಗುರ ಚಕ್ರಕ್ಕೆ ಹೆಚ್ಚಿನ ಕೆಲಸವಿಲ್ಲ. ಇನ್ನು ಜಗಳ ಎದುರುಗಾಳಿಯೊಂದಿಗೆ. ಗಾಳಿಗೆ ಮೊದಲು ಸಿಕ್ಕಿದ್ದು ಹೊಟ್ಟೆ. ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಕೊನೆಗೆ ಹಳೆಯ ಭಾರದ ಚಕ್ರದ ಮೂಲ್ಕಿಯ ಡ್ಯಾನಿಯಲ್ ಕೂಡ “ಬರ್ತೇನೆ ಆಯ್ತಾ,” ಎನ್ನುತ್ತ ಮುಂದೆ ಹೋದ. ಮೋಹನದಾಸನಿಗೆ ಅಳುವೇ ಬಂತು.

ಅಂಗಡಿ ಕಾಣುವಷ್ಟರಲ್ಲಿ ಒಂಟೆಗಳ ಹಿಂಡೊಂದು ಟ್ರ್ಯಾಕಿಗೆ ಅಡ್ಡ ಬಂತು. ಡ್ಯಾನಿಯಲ್ ಕಾಲೂರಿ ನಿಂತ. ಮೋಹನದಾಸ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ನಿಂತ. ಒಂಟೆಗಳು ಸಾವಕಾಶವಾಗಿ ದಾಟಿದವು. ಇಬ್ಬರೂ ನಿಂತಲ್ಲಿಂದಲೇ ಹೊರಡಬೇಕು. ಹಗುರ ಚಕ್ರಕ್ಕೆ ಬೇಕಾದದ್ದೂ ಅದೇ! ಡ್ಯಾನಿಯಲ್‌ನ ಸೈಕಲ್ ವೇಗ ಹಿಡಿಯುವಷ್ಟರಲ್ಲಿ ಮೋಹನದಾಸ ಅಂಗಡಿ ಮುಟ್ಟಿಯಾಗಿತ್ತು.

“ಎಂಥ ವೀಲ್ ಮಾರಾಯಾ! ಬಿಚ್ಚಿ ಎತ್ತಿ ಹಿಡಿ, ಫೋಟೋದಲ್ಲಿ ಕಾಣ್ಲಿ!” ಎಂದು ಬಳಗ ಕೂಗಿತು. ಅವನು ಮುಂದಿನ ಚಕ್ರ ಬಿಚ್ಚಿ ಎರಡೂ ಕೈಯಲ್ಲಿ ಎತ್ತಿದ. ಡ್ಯಾನಿಯಲ್ ಮುಖ ಸಣ್ಣದು ಮಾಡಿಕೊಂಡು ಫೋಟೋ ತೆಗೆದ.

ಮನೆಗೆ ಬಂದವನೇ ಮೊಬೈಲನ್ನು ಹೆಂಡತಿಯ ಮುಂದೆ ಹಿಡಿದ. “ನೋಡು ಈಗ!”

ಸುಹಾಸಿನಿ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಅಗಲವಾದ ಕಪ್ಪು ರಿಮ್ಮು ಸರಿಯಾಗಿ ಅವನ ಮುಖಕ್ಕೆ ಅಡ್ಡ ಬಂದಿತ್ತು. ಕಣ್ಣಿಲ್ಲ, ಮೂಗಿಲ್ಲ.

“ನೀವೇ, ಸಂಶಯ ಇಲ್ಲ,” ಎಂದಳು. “ಹೊಟ್ಟೆ ಗುರುತು ಸಿಕ್ತದೆ.”